ಸ್ಪಾರಿಂಗ್ ಇರುವ ದಿನ

ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಕಾದಾಟ) ಇರುವ ದಿನ ಬೆಳಗಿನ ಓಟ ಬೇಡ. ಒಂದೆರಡು ವರ್ಷ ಪಳಗಿ, ನಾಲ್ಕಾರು ಪಂದ್ಯ ಆಡಿದ ಹವ್ಯಾಸಿ ಬಾಕ್ಸರುಗಳನ್ನು ಒಪ್ಪಿಸಲು ಅತಿ ಕಷ್ಟವಾದ ಮಾತು ಇದೇ. ಹೊಸಬರು ಹೇಳಿದಷ್ಟು ಮಾಡುತ್ತಾರೆ; ಇವರು ಹೇಳಿದ್ದಕ್ಕಿಂತ ಹೆಚ್ಚು ಮಾಡಿ ಕೆಡಿಸಿಕೊಳ್ಳುತ್ತಾರೆ. ಬೆಳಗ್ಗೆ ಎಂಟು ಕಿಲೋಮೀಟರ್ ಓಡಿ, ಸಂಜೆ ಆರು ರೌಂಡ್ ಪಂಚಿಂಗ್ ಬ್ಯಾಗ್ ಹೊಡೆದು, ಆಮೇಲೆ ರಿಂಗಿಗೆ ಇಳಿದರೆ ಕಾಲು ಆಗಲೇ ಸೋತಿರುತ್ತದೆ. ಕಾಲು ಸೋತವನು ತಲೆಯಿಂದ ಹೊಡೆತ ತಡೆಯುತ್ತಾನೆ. ಊಟ ಮೂರು ಗಂಟೆ ಮೊದಲೇ ಮುಗಿದಿರಲಿ. ತೂಕ ಇಳಿಸಲೆಂದು ನೀರು ಬಿಟ್ಟವರಿಗೆ ಅಂದು ಸ್ಪಾರಿಂಗ್ ಇಲ್ಲ, ಅದರ ಬಗ್ಗೆ ಚರ್ಚೆಯೂ ಇಲ್ಲ.

ಕೈಪಟ್ಟಿ 4.5 ಮೀಟರಿನದೇ ಬೇಕು. ಚಿಕ್ಕದಾದರೆ ಮಣಿಕಟ್ಟಿಗೆ ಏನೂ ಉಳಿಯುವುದಿಲ್ಲ. ಬೆರಳು ಅಗಲಿಸಿಕೊಂಡು ಕಟ್ಟಬೇಕು. ಹೆಬ್ಬೆರಳಿಗೆ ಕುಣಿಕೆ ಹಾಕಿ, ಕೈಯ ಹಿಂಬದಿಯಿಂದ ಇಳಿಸಿ ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಬೆರಳುಗಳ ಸಂದಿಯಲ್ಲಿ ಒಂದೊಂದು ಸಲ, ಉಳಿದದ್ದೆಲ್ಲ ಮತ್ತೆ ಮಣಿಕಟ್ಟಿಗೆ. ಮುಷ್ಟಿ ಹಿಡಿದಾಗ ಬಿಗಿ, ಬಿಟ್ಟಾಗ ಸಡಿಲ ಅನ್ನಿಸಿದರೆ ಸರಿ. ಬೆರಳು ಜೋಡಿಸಿಕೊಂಡು ಕಟ್ಟಿದವರಿಗೆ ಎರಡನೇ ರೌಂಡಿನ ಹೊತ್ತಿಗೆ ಬೆರಳ ತುದಿ ಜುಮ್ಮೆನ್ನತೊಡಗುತ್ತದೆ. ಅಂಗೈಯಲ್ಲಿ ಪಟ್ಟಿ ದಪ್ಪವಾದರೆ ಮುಷ್ಟಿ ಪೂರ್ತಿ ಮುಚ್ಚದೆ, ಹುಕ್ (ಪಕ್ಕದಿಂದ ಬಾಗಿ ಬರುವ ಏಟು) ತಾಕಿದ ಕ್ಷಣ ಮಣಿಕಟ್ಟು ಮಡಚುತ್ತದೆ. ಹೊಡೆತ ತೋರುಬೆರಳು, ನಡುಬೆರಳಿನ ಗೆಣ್ಣುಗಳ ಮೇಲೇ ಬೀಳಬೇಕು. ಕಿರುಬೆರಳ ಕಡೆ ಬಿದ್ದರೆ ಅದರ ಹಿಂದಿನ ಸಣ್ಣ ಮೂಳೆ ಮುರಿಯಬಹುದು; ಎಂಥ ಪಟ್ಟಿಯೂ ಅದನ್ನು ಪೂರಾ ಉಳಿಸದು.

ಮೈ ಬಿಸಿ ಮಾಡಲು ಎರಡು ರೌಂಡ್ ಸ್ಕಿಪ್ಪಿಂಗ್, ಮೂರು ರೌಂಡ್ ಶ್ಯಾಡೋ ಬಾಕ್ಸಿಂಗ್, ಅಂದರೆ ಒಬ್ಬರೇ ಗಾಳಿಯಲ್ಲಿ ಹೊಡೆಯುವ ಅಭ್ಯಾಸ. ಶ್ಯಾಡೋದ ಮೊದಲ ರೌಂಡಿನಲ್ಲಿ ಕಾಲಿಗೆ ಮಾತ್ರ ಕೆಲಸ, ಎರಡನೆಯದರಲ್ಲಿ ಜ್ಯಾಬ್ (ಮುಂದಿನ ಕೈಯ ನೇರ ಏಟು), ಮೂರನೆಯದರಲ್ಲಿ ಅಂದಿನ ಪಾಠ. ರಿಂಗಿಗೆ ಹೋಗುವ ಮುಂಚೆ ಬೆವರು ಇಳಿದಿರಬೇಕು. 2013ರಲ್ಲಿ ಹವ್ಯಾಸಿ ಪಂದ್ಯಗಳಿಗೆ ಹತ್ತು ಅಂಕದ ಪದ್ಧತಿ (ರೌಂಡ್ ಗೆದ್ದವನಿಗೆ ಹತ್ತು, ಸೋತವನಿಗೆ ಅದಕ್ಕಿಂತ ಕಡಿಮೆ) ಬಂದ ಮೇಲೆ ಪ್ರತಿ ರೌಂಡಿಗೂ ಬೇರೆಯೇ ತೀರ್ಪು. ಇರುವುದೇ ಮೂರು ರೌಂಡ್. ಮೊದಲನೆಯದರಲ್ಲಿ ಮೈ ಬಿಸಿಯಾಗಲಿ ಎಂದು ಕಾಯುವವನು ಒಂದು ರೌಂಡನ್ನು ಎದುರಾಳಿಗೆ ಬಿಟ್ಟುಕೊಟ್ಟಂತೆ. ಆ ಚಾಳಿ ಕೂರುವುದು ಸ್ಪಾರಿಂಗಿನಲ್ಲೇ.

ಸ್ಪಾರಿಂಗಿಗೆ 16 ಔನ್ಸ್ ಗ್ಲೌಸ್. ಮೈ ಹಗುರ ಇದ್ದವರಿಗೆ 14 ನಡೆದೀತು. ಗಂಡಸರ ದೊಡ್ಡ ಪಂದ್ಯಗಳಲ್ಲಿ ತಲೆಗೆ ತೊಡುವ ಮೆತ್ತನೆಯ ಹೆಡ್‌ಗಾರ್ಡ್ ತೆಗೆದದ್ದೂ 2013ರಲ್ಲೇ. ಅದನ್ನು ನೆಪ ಮಾಡಿಕೊಂಡು ಅಭ್ಯಾಸದಲ್ಲೂ ಬಿಡುವವರಿದ್ದಾರೆ, ಬಿಡಬಾರದು. ಹಾಗೆಂದು ಅದರ ಮೇಲೆ ಪೂರ್ತಿ ಭರವಸೆಯೂ ಬೇಡ. ಹುಬ್ಬು ಒಡೆಯುವುದನ್ನು ಅದು ತಡೆಯುತ್ತದೆ, ತಲೆಯೊಳಗೆ ಮಿದುಳು ಅಲುಗುವುದನ್ನಲ್ಲ.

ಮೂರು ನಿಮಿಷದ ಮೂರು ಅಥವಾ ನಾಲ್ಕು ರೌಂಡ್, ನಡುವೆ ಒಂದು ನಿಮಿಷ ವಿರಾಮ, ಅಷ್ಟು ಸಾಕು. ಮೊದಲ ರೌಂಡಿನಲ್ಲಿ ಇಬ್ಬರಿಗೂ ಜ್ಯಾಬ್ ಮಾತ್ರ. ಎರಡನೆಯದರಲ್ಲಿ ಒಬ್ಬ ಹೊಡೆಯಬೇಕು, ಇನ್ನೊಬ್ಬ ತಪ್ಪಿಸಿಕೊಂಡು ಒಂದೇ ಏಟಿನಲ್ಲಿ ಉತ್ತರ ಕೊಡಬೇಕು. ಒಂದೂವರೆ ನಿಮಿಷಕ್ಕೆ ಅದಲುಬದಲು. ಮೂರನೆಯದು ಮುಕ್ತ. ವೇಗ ಪೂರ್ತಿ, ಬಲ ಅರ್ಧ. ಈ ಅರ್ಧವೇ ಜಗಳದ ಮೂಲ. ಒಬ್ಬನ ಕೈ ತುಸು ಜೋರಾಗಿ ಬೀಳುತ್ತದೆ, ಇನ್ನೊಬ್ಬ ಬಡ್ಡಿ ಸೇರಿಸಿ ಹಿಂತಿರುಗಿಸುತ್ತಾನೆ. ಮೂವತ್ತು ಸೆಕೆಂಡಿನಲ್ಲಿ ಪಾಠ ಹೋಗಿ ಬೀದಿ ಜಗಳ ಉಳಿಯುತ್ತದೆ. ಅವರಾಗಿಯೇ ನಿಲ್ಲಿಸುತ್ತಾರೆಂದು ಕಾಯಬಾರದು. ಹೊರಗೆ ನಿಂತವರು ಟೈಮರ್ ನೋಡದೆ ರೌಂಡ್ ಮುಗಿಸಬೇಕು.

ಈ ಹಂತದವರ ದೊಡ್ಡ ದೋಷ ಹೊಡೆಯುವುದರಲ್ಲಿಲ್ಲ, ಹೊಡೆದ ಮೇಲೆ ಇದೆ. ಜ್ಯಾಬ್, ಕ್ರಾಸ್ (ಹಿಂದಿನ ಕೈಯ ನೇರ ಏಟು), ಹುಕ್ ಚೆಂದವಾಗಿ ಹೋಗುತ್ತವೆ. ಆಮೇಲೆ ಅಲ್ಲೇ ನಿಂತಿರುತ್ತಾರೆ. ಬ್ಯಾಗ್ ತಿರುಗಿ ಹೊಡೆಯುವುದಿಲ್ಲವಲ್ಲ, ಅದು ಕಲಿಸಿದ ಸೋಮಾರಿತನ ಇದು. ಇನ್ನೊಂದು, ಜ್ಯಾಬ್ ಮರಳುವಾಗ ಕೈ ಸೊಂಟದ ಕಡೆಯಿಂದ ಸುತ್ತಿಕೊಂಡು ಬರುವುದು. ಎದುರಿನವನ ಕ್ರಾಸ್ ಆ ಸಂದಿಗಾಗಿಯೇ ಕಾದಿರುತ್ತದೆ. ಒತ್ತಡ ಬಿದ್ದಾಗ ನೇರ ಹಿಂದಕ್ಕೆ ಸರಿದು ಹಗ್ಗಕ್ಕೆ ಬೆನ್ನು ಕೊಡುವುದು ಮೂರನೆಯದು: ಎರಡು ಹೆಜ್ಜೆ ಹಿಂದಿಟ್ಟರೆ ಮೂರನೆಯದು ಪಕ್ಕಕ್ಕೇ ಹೋಗಬೇಕು. ಎರಡನೇ ರೌಂಡಿನಲ್ಲೇ ಏದುಸಿರು ಬಂದರೆ ಓಟ ಸಾಲದು ಅಂದುಕೊಳ್ಳುತ್ತಾರೆ. ಬಹುಮಟ್ಟಿಗೆ ಅದು ಉಸಿರು ಕಟ್ಟಿಕೊಂಡು ಹೊಡೆದ ಫಲ. ಪ್ರತಿ ಏಟಿಗೂ ಸಣ್ಣಗೆ ಉಸಿರು ಬಿಟ್ಟರೆ ಅದೇ ಮನುಷ್ಯ ಮೂರನೆಯದನ್ನೂ ಎಳೆಯುತ್ತಾನೆ.

ವಿರಾಮದಲ್ಲಿ ಮೊದಲ ಇಪ್ಪತ್ತು ಸೆಕೆಂಡ್ ಯಾರೂ ಮಾತಾಡಬಾರದು. ಉಸಿರು ತಹಬಂದಿಗೆ ಬಂದ ಮೇಲೆ ಒಂದು ಗುಟುಕು ನೀರು, ಒಂದೇ ಸೂಚನೆ. ನಾಲ್ಕು ಮೂಲೆಯಿಂದ ನಾಲ್ಕು ಜನ ಕೂಗಿದರೆ ಒಂದೂ ಒಳಗೆ ಇಳಿಯುವುದಿಲ್ಲ.

ಮುಗಿದ ಮೇಲೆ ಹಗುರವಾಗಿ ಎರಡು ರೌಂಡ್ ಬ್ಯಾಗ್, ಬಳಿಕ ಕತ್ತಿನ ಕೆಲಸ: ಹಣೆ, ಹಿಂದಲೆ, ಎಡ, ಬಲ, ಹೀಗೆ ಅಂಗೈ ಒತ್ತಿ ತಲೆ ಅಲುಗದಂತೆ ಹತ್ತು ಸೆಕೆಂಡ್, ಮೂರು ಸಲ. ತಲೆನೋವು, ವಾಕರಿಕೆ, ಬೆಳಕು ಚುಚ್ಚಿದ ಹಾಗೆ ಆಗುವುದು, ಮೊದಲ ರೌಂಡ್ ನೆನಪಾಗದಿರುವುದು, ಇವುಗಳಲ್ಲಿ ಒಂದಿದ್ದರೂ ವೈದ್ಯರ ಬಳಿ ಹೋಗಲೇಬೇಕು. ಒಬ್ಬರನ್ನೇ ಮನೆಗೆ ಕಳಿಸಬಾರದು. ವೈದ್ಯರು ಒಪ್ಪುವವರೆಗೆ ರಿಂಗ್ ಬಂದ್.

ಮರುದಿನ ಅರ್ಧ ಗಂಟೆ ಮಾತಾಡುತ್ತ ಓಡುವಷ್ಟು ನಿಧಾನದ ಓಟ. ಬ್ಯಾಗಿನ ಕಠಿಣ ಕೆಲಸ ಮೂರನೇ ದಿನಕ್ಕೆ: ಮೂವತ್ತು ಸೆಕೆಂಡ್ ಜೋರು, ಮೂವತ್ತು ಸೆಕೆಂಡ್ ಹಗುರ, ರೌಂಡಿಗೆ ಮೂರು ಸಲದಂತೆ ನಾಲ್ಕು ರೌಂಡ್. ಸ್ಪಾರಿಂಗಿನಲ್ಲಿ ಕಂಡ ಒಂದೇ ಒಂದು ದೋಷವನ್ನು ಆ ದಿನ ತಿದ್ದಬೇಕು. ಹೊಡೆದು ನಿಲ್ಲುವ ಚಾಳಿಯಾದರೆ, ಪ್ರತಿ ಹುಕ್ ಆದ ಮೇಲೂ ಮುಂಗಾಲು ಪಕ್ಕಕ್ಕಿಟ್ಟು, ಬ್ಯಾಗಿನ ಬದಿಗೆ ಬಂದು, ಅಲ್ಲಿಂದೊಂದು ಜ್ಯಾಬ್. ದಣಿದಾಗಲೂ ಅದು ತಾನಾಗಿ ಬರುವ ತನಕ ಮುಂದಿನ ಸ್ಪಾರಿಂಗಿಗೂ ಅದೇ ಪಾಠ.