ಡಿ ಟ್ರಾಮ್ ಹತ್ತಿ ದ್ರಾಕ್ಷಿ ತೋಟಕ್ಕೆ

ವಿಯೆನ್ನಾಕ್ಕೆ ಯಾವಾಗ ಹೋಗೋದು ಒಳ್ಳೇದು ಅಂತ ಯಾರಾದರೂ ಕೇಳಿದರೆ, ಸೆಪ್ಟೆಂಬರ್ ಕೊನೆಗೆ ಹೋಗಿ ಅನ್ನುತ್ತೇನೆ. ಬೇಸಿಗೆಯ ಜನಜಂಗುಳಿ ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಬಿಸಿಲಿರುತ್ತದೆ, ಆದರೆ ನೆರಳಿಗೆ ಬಂದರೆ ಜಾಕೆಟ್ ಬೇಕು. ಇದಕ್ಕಿಂತ ದೊಡ್ಡ ಕಾರಣ ದ್ರಾಕ್ಷಿ. 20 ಲಕ್ಷ ಜನರಿರುವ, ಆಸ್ಟ್ರಿಯಾದ ಈ ರಾಜಧಾನಿಯ ಗಡಿಯೊಳಗೇ ನೂರಾರು ಹೆಕ್ಟೇರ್ ದ್ರಾಕ್ಷಿ ತೋಟಗಳಿವೆ. ಆ ದಿನಗಳಲ್ಲಿ ಅಲ್ಲಿ ಕೊಯ್ಲು.

ಅರಮನೆಗಳನ್ನು ನಾವೂ ನೋಡಿದೆವು. ಶೋನ್‌ಬ್ರುನ್‌ನಲ್ಲಿ ಒಂದು ಕೋಣೆ ಮುಗಿದರೆ ಇನ್ನೊಂದು, ಎಲ್ಲದಕ್ಕೂ ಚಿನ್ನದ ಮೆರುಗು. ಅರ್ಧಕ್ಕೇ ಸಾಕಾಯಿತು. ಮಾರನೇ ದಿನ ಮುಖ್ಯ ರೈಲು ನಿಲ್ದಾಣದ ಹತ್ತಿರ ‘ಡಿ’ ಅನ್ನುವ ಮಾರ್ಗದ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತೆವು. ಕೊನೆಯ ಸ್ಟಾಪಿನವರೆಗೆ ಇಳಿಯೋದೇ ಬೇಡ ಅಂತ ತೀರ್ಮಾನ. ಇಲ್ಲಿ ಗೇಟಿಲ್ಲ, ಕಂಡಕ್ಟರೂ ಇಲ್ಲ. ಹಾಗಂತ ಟಿಕೆಟ್ ಇಲ್ಲದೆ ಹತ್ತಬೇಡಿ. ಮಾಮೂಲಿ ಬಟ್ಟೆಯಲ್ಲಿ ಪಕ್ಕದಲ್ಲೇ ನಿಂತಿರುವವರು ತಪಾಸಣೆಯವರಾಗಿರಬಹುದು.

ಊರು ನೋಡೋಕೆ ಈ ಟ್ರಾಮ್ ಒಂದೇ ಸಾಕು. ಮೊದಲು ಬೆಲ್ವೆಡೇರ್ ಅರಮನೆ, ಆಮೇಲೆ ಒಪೆರಾ, ಸಂಸತ್ತು, ನಗರಸಭೆ. ಹಳೇ ಕೋಟೆಗೋಡೆ ಕೆಡವಲು 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಆಜ್ಞೆ ಹೊರಡಿಸಿದ. ಆ ಜಾಗದಲ್ಲಿ ಬಂದಿದ್ದೇ ರಿಂಗ್‌ಸ್ಟ್ರಾಸೆ, ಹಳೇ ಊರನ್ನು ಸುತ್ತುವ ಅಗಲವಾದ ರಸ್ತೆ. ಇಲ್ಲಿನ ಸಂಸತ್ತು ಗ್ರೀಕ್ ದೇವಸ್ಥಾನದ ಹಾಗಿದೆ, ನಗರಸಭೆ ಮಧ್ಯಯುಗದ ಗೋಥಿಕ್ ಚರ್ಚಿನ ಹಾಗೆ. ಎರಡೂ ಕಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ! ನೋಡೋಕೆ ಚೆಂದವೇ, ಆದರೆ ನನಗೆ ಸ್ವಲ್ಪ ನಾಟಕದ ಸೆಟ್ಟಿನ ಹಾಗೆ ಕಂಡವು.

ಹೈಲಿಗೆನ್‌ಶ್ಟಾಟ್ ಅನ್ನುವ ಬಡಾವಣೆ ಹತ್ತಿರ ಬಂದಾಗ ಕಿಟಕಿಯಾಚೆ ಒಂದೇ ಕಟ್ಟಡ, ಮುಗಿಯೋದೇ ಇಲ್ಲ. ಅದು ಕಾರ್ಲ್ ಮಾರ್ಕ್ಸ್ ಹೋಫ್. ಉದ್ದ 1 ಕಿಲೋಮೀಟರಿಗೂ ಜಾಸ್ತಿ. ದುಡಿಯುವ ಜನರಿಗೆ ಬಾಡಿಗೆಗೆ ಕೊಡಲು ನಗರಸಭೆಯೇ ಕಟ್ಟಿಸಿದ್ದು, ಉದ್ಘಾಟನೆಯಾಗಿದ್ದು 1930ರಲ್ಲಿ. ನಾಲ್ಕೇ ವರ್ಷಕ್ಕೆ, 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ, ಸೇನೆ ಇದರ ಮೇಲೆ ಫಿರಂಗಿ ಹಾರಿಸಿತು. ಈಗ ಬಾಲ್ಕನಿಗಳಲ್ಲಿ ಹೂಕುಂಡ, ಒಣಹಾಕಿದ ಬಟ್ಟೆ. ಇವತ್ತಿಗೂ ಇದು ನಗರಸಭೆಯ ಬಾಡಿಗೆ ಮನೆಗಳೇ. ರಿಂಗ್‌ಸ್ಟ್ರಾಸೆಯ ಎಲ್ಲ ಕಟ್ಟಡಗಳಿಗಿಂತ ನನಗೆ ಇಷ್ಟವಾಗಿದ್ದು ಇದೇ.

ಕೊನೆಯ ಸ್ಟಾಪ್ ನುಸ್‌ಡೋರ್ಫ್. ನಡೆಯುವ ಮುಂಚೆ ನೀರಿನ ಬಾಟಲಿಯನ್ನು ನಲ್ಲಿಯಲ್ಲೇ ತುಂಬಿಸಿಕೊಳ್ಳಿ, ದುಡ್ಡು ಕೊಟ್ಟು ಕೊಳ್ಳೋದು ದಂಡ. ಈ ಊರಿನ ನಲ್ಲಿಗೆ 1873ರಿಂದಲೂ ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು ಬರುತ್ತಿದೆ.

ಸ್ಟಾಪಿನಿಂದಲೇ ಕಾಲುದಾರಿ ಶುರು. ಪಕ್ಕದಲ್ಲಿ ಒಂದು ಪುಟ್ಟ ತೊರೆ. ಸಂಗೀತಗಾರ ಬೀಥೋವನ್ ಇಲ್ಲೆಲ್ಲ ಅಡ್ಡಾಡುತ್ತಿದ್ದನಂತೆ, ದಾರಿಗೂ ಅವನದೇ ಹೆಸರು. ಕಿವಿ ಕೇಳಿಸದಾಗುತ್ತಿರುವ ಸಂಕಟವನ್ನು ತಮ್ಮಂದಿರಿಗೆ ಬರೆದ ಪತ್ರ ಇದೇ ಹೈಲಿಗೆನ್‌ಶ್ಟಾಟ್‌ನದು, 1802ರ ಅಕ್ಟೋಬರಿನದು. ಅದನ್ನು ಅವನು ಕಳಿಸಲೇ ಇಲ್ಲ. ಸತ್ತ ಮೇಲೆ ಅವನ ಕಾಗದಗಳ ನಡುವೆ ಸಿಕ್ಕಿತು.

ಆಮೇಲೆ ಏರು. ಎರಡೂ ಕಡೆ ದ್ರಾಕ್ಷಿ ಸಾಲುಗಳು. ಎಲೆಗಳ ಅಂಚು ಆಗಲೇ ಹಳದಿ. ಹಕ್ಕಿ ಬರದಂತೆ ಕೆಲವು ಸಾಲಿಗೆ ಬಲೆ ಹೊದಿಸಿದ್ದರು. ಒಂದು ಕಡೆ ನಾಲ್ಕೈದು ಜನ ಕತ್ತರಿ ಹಿಡಿದು ಗೊಂಚಲು ಕತ್ತರಿಸಿ ಬಕೆಟಿಗೆ ಹಾಕುತ್ತಿದ್ದರು. ಒಬ್ಬಾಕೆ ಕೊಳೆತ ಹಣ್ಣುಗಳನ್ನು ಬೆರಳಲ್ಲೇ ಉದುರಿಸಿ ಮುಂದಿನ ಗೊಂಚಲಿಗೆ ಹೋಗುತ್ತಿದ್ದರು, ತಲೆ ಎತ್ತೋಕೂ ಪುರುಸೊತ್ತಿಲ್ಲ. ಇನ್ನೂ ಮೇಲೆ ಹೋದರೆ 484 ಮೀಟರ್ ಎತ್ತರದ ಕಾಲೆನ್‌ಬರ್ಗ್. 1683ರಲ್ಲಿ ಆಟೋಮನ್ ತುರ್ಕರ ಸೇನೆ ಊರನ್ನು ಮುತ್ತಿದ್ದಾಗ ಪೋಲೆಂಡಿನ ದೊರೆ ಸೋಬಿಯೆಸ್ಕಿಯ ನೇತೃತ್ವದಲ್ಲಿ ನೆರವಿನ ಸೇನೆ ಇಳಿದು ಬಂದಿದ್ದು ಈ ಬೆಟ್ಟದಿಂದ. ಡ್ಯಾನ್ಯೂಬ್ ನದಿ, ಊರು ಎರಡೂ ಒಟ್ಟಿಗೆ ಕಾಣುತ್ತವೆ. ಕಾಲುನೋವಿದ್ದವರು 38ಎ ಬಸ್ಸಲ್ಲಿ ಬರಬಹುದು.

ಇಳಿಯುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಗಿಲ ಮೇಲೆ ಹಸಿರು ಪೈನ್ ಕೊಂಬೆ ಕಟ್ಟಿದ್ದರೆ ಆ ಹೊಯ್ರಿಗರ್ ತೆರೆದಿದೆ ಅಂತ ಲೆಕ್ಕ. ದ್ರಾಕ್ಷಿ ಬೆಳೆಯುವವರು ತಮ್ಮ ವೈನ್ ತಾವೇ ಮಾರುವ ಜಾಗ ಇದು. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಇದಕ್ಕೆ ಅನುಮತಿ ಕೊಟ್ಟ. ಅಂಗಳದಲ್ಲಿ ಮರದ ಬೆಂಚು, ಮೇಲೆ ದ್ರಾಕ್ಷಿ ಬಳ್ಳಿ. ಸಸ್ಯಾಹಾರಿಗಳು ಲಿಪ್ಟಾವರ್ ಕೇಳಿ: ಮೆಣಸಿನಪುಡಿ ಬೆರೆಸಿದ ಮೆತ್ತನೆ ಚೀಸ್, ಜೊತೆಗೆ ದಪ್ಪ ಕಪ್ಪು ಬ್ರೆಡ್. ನಮ್ಮ ನಾಲಿಗೆಗೆ ಖಾರ ಕಮ್ಮಿ, ರುಚಿ ಜೋರು.

ಕುಡಿಯೋಕೆ ಷ್ಟುರ್ಮ್. ದ್ರಾಕ್ಷಿ ರಸ ಪೂರ್ತಿ ವೈನ್ ಆಗುವ ಮುಂಚೆ, ಇನ್ನೂ ಹುದುಗುತ್ತಿರುವಾಗಲೇ ಲೋಟಕ್ಕೆ ಸುರಿದು ಕೊಡುತ್ತಾರೆ. ಸಿಗೋದು ವರ್ಷದಲ್ಲಿ ಕೆಲವೇ ವಾರ. ನೋಡೋಕೆ ಮಡ್ಡಿ ಮಡ್ಡಿ, ಗುಳ್ಳೆ ಏಳುತ್ತಿರುತ್ತದೆ. ರುಚಿ ನಮ್ಮ ಕಬ್ಬಿನ ಹಾಲಿಗೆ ಹುಳಿ ಹತ್ತಿದ ಹಾಗೆ. ಕಣಜಗಳಿಗೂ ಇದು ಬಲು ಇಷ್ಟ, ಅದಕ್ಕೇ ಎಲ್ಲರೂ ಲೋಟದ ಮೇಲೆ ರಟ್ಟು ಮುಚ್ಚಿಟ್ಟುಕೊಂಡು ಮಾತಾಡುತ್ತಾರೆ. ಒಂದು ಗುಟುಕು, ಮತ್ತೆ ರಟ್ಟು. ಜ್ಯೂಸ್ ಅಂತ ಗಟಗಟ ಕುಡಿದರೆ ಎದ್ದು ನಿಂತಾಗ ಗೊತ್ತಾಗುತ್ತದೆ.

ಊರಿಗೆ ಒಂದು ಬಾಟಲಿ ತರೋಣ ಅಂತ ಆಸೆ ಪಡಬೇಡಿ. ಒಳಗೆ ಗ್ಯಾಸ್ ಹುಟ್ಟುತ್ತಲೇ ಇರುವುದರಿಂದ ಮುಚ್ಚಳ ಬಿಗಿ ಮಾಡುವಂತಿಲ್ಲ. ಸೂಟ್‌ಕೇಸಲ್ಲಿ ಮಲಗಿಸಿದರೆ ಸೀರೆ, ಶರ್ಟು, ಚಾಕೊಲೇಟು ಎಲ್ಲಕ್ಕೂ ಅಭಿಷೇಕ ಆಗುತ್ತದೆ.