ಉಜ್ಜುವ ಮುಂಚೆ ಒಂದು ನಿಮಿಷ

ಮೆಟಲ್ ಡಿಟೆಕ್ಟರ್‌ಗೆ ಸಿಗುವ ಹಳೇ ಬೆಲ್ಟಿನ ಬಿಲ್ಲೆ, ಬ್ರೋಚ್, ಕುದುರೆ ಸಜ್ಜಿನ ಅಲಂಕಾರದ ತುಣುಕುಗಳು ಹೆಚ್ಚಾಗಿ ತಾಮ್ರದ ಮಿಶ್ರಲೋಹದವು. ನೂರಾರು ವರ್ಷ ಮಣ್ಣಲ್ಲಿ ಉಳಿದದ್ದು ಎಷ್ಟೋ ಸಲ ಕೈಗೆ ಬಂದ ಹತ್ತೇ ನಿಮಿಷದಲ್ಲಿ ಹಾಳಾಗುತ್ತೆ. ದಯವಿಟ್ಟು ಹೆಬ್ಬೆರಳಿಂದ ಉಜ್ಜಬೇಡಿ. ಮಣ್ಣಿನ ಮರಳುಕಣ ಉಪ್ಪುಕಾಗದದಂತೆ ಕೆಲಸ ಮಾಡುತ್ತೆ. ಚಿನ್ನದ ಲೇಪ ಉಳಿದಿದ್ದರೆ ಅದು ಕೂದಲಿಗಿಂತ ತೆಳು. ನಿಂಬೆರಸ, ವಿನೆಗರ್ ಬೇಡವೇ ಬೇಡ. ಕೆತ್ತನೆಯ ಗೆರೆ ಉಳಿದಿರುವುದು ಲೋಹದ ಮೇಲೆ ಕಟ್ಟಿದ ಹಸಿರು ಪದರದಲ್ಲೇ, ಆಮ್ಲ ಮೊದಲು ತಿನ್ನುವುದೂ ಅದನ್ನೇ.

ಹಿಂಬದಿಯ ಮಣ್ಣು ಹಾಗೇ ಇರಲಿ. ರಿವೆಟ್ (ಬಿಲ್ಲೆಯನ್ನು ತೊಗಲಿಗೆ ಬಿಗಿಯುವ ಮೊಳೆ) ಬುಡದಲ್ಲಿ ಕೆಲವೊಮ್ಮೆ ತೊಗಲಿನ ಚೂರು ಅಂಟಿಕೊಂಡಿರುತ್ತೆ. ಆ ರಿವೆಟ್ ಸವೆದು ಬಿಲ್ಲೆ ಕಳಚಿದ ದಿನ ಯಾರು ಎಷ್ಟು ಹುಡುಕಿದ್ದರೋ.

ಇಡುವಾಗ ಹತ್ತಿ ಬೇಡ, ಎಳೆ ಸಿಕ್ಕಿ ಅಂಚು ಕೀಳುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್. ತೇವಾಂಶ 40%ಗಿಂತ ಕಡಿಮೆ ಇರಲಿ. ತಿಳಿಹಸಿರು ಪುಡಿ ಉದುರಿದರೆ ಅದು ಕಂಚಿನ ರೋಗ: ಒಳಗಿನ ಕ್ಲೋರೈಡ್ ತೇವದ ಜೊತೆ ಸೇರಿ ಲೋಹವನ್ನು ತಿನ್ನುತ್ತಿದೆ. ಬೇರೆ ಡಬ್ಬಿಗೆ ಹಾಕಿ, ಸಂರಕ್ಷಣಾ ತಜ್ಞರಿಗೆ ತೋರಿಸಿ. ಸೀಸದ ವಸ್ತುವನ್ನು ಮರದ ಪೆಟ್ಟಿಗೆಯಲ್ಲಿ ಇಡಬೇಡಿ, ಮರದ ಆಮ್ಲದ ಆವಿಗೆ ಅದು ಬಿಳಿಯಾಗಿ ಪುಡಿಯಾಗುತ್ತೆ.

ತೆಗೆದ ಜಾಗ, ಆಳ ಅಲ್ಲೇ ಬರೆದುಕೊಳ್ಳಿ. ಇಂಗ್ಲೆಂಡಿನಲ್ಲಾದರೆ, 300 ವರ್ಷಕ್ಕೂ ಹಳೆಯದಾಗಿ ಕನಿಷ್ಠ 10% ಚಿನ್ನ ಅಥವಾ ಬೆಳ್ಳಿ ಇರುವ ಒಡವೆಯನ್ನು 14 ದಿನದೊಳಗೆ ಕಾರೊನರ್‌ಗೆ (ಇಂಥ ನಿಧಿಯ ವಿಚಾರಣೆ ನಡೆಸುವ ಅಧಿಕಾರಿ) ತಿಳಿಸಲೇಬೇಕು.