ಹಸಿರು ರಟ್ಟಿನ ಲೆಕ್ಕದ ಪುಸ್ತಕ

ನಮ್ಮ ಕ್ರೈಸ್ತರಲ್ಲಿ ಮದುವೆಯ ಆರಾಧನೆ ಎಂದರೆ ಬೈಬಲಿನಲ್ಲಿ ಪ್ರೀತಿಯನ್ನು ವರ್ಣಿಸುವ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯವನ್ನು ಓದದೆ ಮುಗಿಯುವುದು ಅಪರೂಪ. ಆದರೆ ಅಪೊಸ್ತಲನಾದ ಪೌಲನು ಅದನ್ನು ಬರೆದದ್ದು ಮದುಮಕ್ಕಳಿಗಲ್ಲ. ಸುಮಾರು ಕ್ರಿ.ಶ. 55ರಲ್ಲಿ, ಪಕ್ಷ ಕಟ್ಟಿಕೊಂಡು ಕಚ್ಚಾಡುತ್ತಿದ್ದ, ಸಹೋದರನ ಮೇಲೆ ಸಹೋದರನೇ ವ್ಯಾಜ್ಯ ಹೂಡುತ್ತಿದ್ದ, ಯೇಸುವನ್ನು ನೆನೆದು ಒಟ್ಟಾಗಿ ಉಣ್ಣುವ ಕರ್ತನ ಭೋಜನಕ್ಕೆ ಕೂಡಿದಾಗಲೂ ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ ಸಭೆಯೊಂದಕ್ಕೆ ಆತನು ಎಫೆಸದಿಂದ ಬರೆದ ಕಾಗದ ಅದು. ಇದು ನನ್ನ ಮನಸ್ಸಿಗೆ ನಾಟಿದ್ದು ತಮ್ಮನೊಂದಿಗೆ ಮಾತು ಬಿಟ್ಟ ವರ್ಷ.

ಅಮ್ಮ ಹಾಸಿಗೆ ಹಿಡಿದಿದ್ದ ಎಂಟು ತಿಂಗಳ ಖರ್ಚನ್ನೆಲ್ಲ ನಾನು ಹಸಿರು ರಟ್ಟಿನ ಉದ್ದ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದೆ. ಔಷಧಿ, ಆಟೋ ಬಾಡಿಗೆ, ರಾತ್ರಿ ನೋಡಿಕೊಳ್ಳುತ್ತಿದ್ದ ಹೆಂಗಸಿನ ಸಂಬಳ. ಎಡಪುಟ ನನ್ನದು, ಬಲಪುಟ ತಮ್ಮನದು. ಬಲಪುಟಗಳು ಹೆಚ್ಚುಕಡಿಮೆ ಖಾಲಿ. ಅಮ್ಮ ತೀರಿಕೊಂಡ ಮೇಲೂ ಅದನ್ನು ತೆರೆದು, ಕೂಡಿಸಿದ ಮೊತ್ತವನ್ನೇ ಮತ್ತೆ ಕೂಡಿಸುವುದು ನನಗೊಂದು ಚಟವಾಗಿತ್ತು.

ಆ 13ನೆಯ ಅಧ್ಯಾಯದಲ್ಲಿ ಪ್ರೀತಿಯು ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ನಾವು ಓದುವ ಕಡೆ ಗ್ರೀಕ್ ಮೂಲದಲ್ಲಿರುವುದು ಲೆಕ್ಕಕ್ಕೆ ಹಿಡಿಯುವುದೆಂಬ ಅರ್ಥದ ಕ್ರಿಯಾಪದವೆಂದು ಸಭಾಪಾಲಕರು ಒಂದು ಸಂಜೆ ಬೈಬಲ್ ಅಧ್ಯಯನದಲ್ಲಿ ವಿವರಿಸಿದರು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ತಪ್ಪು ಎನ್ನುವಲ್ಲಿ ಮತ್ತಾಯನ ಸುವಾರ್ತೆಯ ಮೂಲದಲ್ಲಿ ಇರುವ ಪದಕ್ಕೆ ಸಾಲ ಎಂದೇ ಅರ್ಥವಂತೆ. ದಿನವೂ ಕುಟುಂಬ ಪ್ರಾರ್ಥನೆಯಲ್ಲಿ ಅದನ್ನು ಹೇಳಿ, ಆಮೆನ್ ಎಂದ ಬಾಯಿ ಆರುವ ಮೊದಲೇ ಹಸಿರು ಪುಸ್ತಕ ಬಿಡಿಸುತ್ತಿದ್ದವನು ನಾನು.

ಮತ್ತಾಯ 18ರಲ್ಲಿ ಯೇಸು ಹೇಳುವ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಹತ್ತು ಸಾವಿರ ತಲಾಂತುಗಳ ಸಾಲದಿಂದ ಬಿಡುಗಡೆಯಾದ ಆಳು, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆ ಆಳಿನ ಕುತ್ತಿಗೆ ಹಿಸುಕುತ್ತಾನೆ. ಒಂದು ತಲಾಂತು ಸುಮಾರು 6,000 ದಿನಗಳ ಕೂಲಿ, ಒಂದು ದಿನಾರಿ ಒಂದು ದಿನದ್ದು. ನೂರು ದಿನಗಳ ಕೂಲಿ ಬಡವನಿಗೆ ಸಣ್ಣ ಮೊತ್ತವೇನಲ್ಲ. ಆ ಸಾಲ ಸುಳ್ಳೆಂದು ಯೇಸು ಹೇಳಲಿಲ್ಲವೆಂಬುದೇ ನನಗೆ ದೊಡ್ಡ ಸಮಾಧಾನ. ಕ್ಷಮಿಸುವುದೆಂದರೆ ಏನೂ ಆಗಲೇ ಇಲ್ಲವೆಂದು ನಟಿಸುವುದು ಎಂದುಕೊಂಡೇ ನಾನು ಅಷ್ಟು ದಿನ ಸೆಟೆದುಕೊಂಡಿದ್ದೆ.

ಆಮೇಲೊಂದು ಭಾನುವಾರ, ಕರ್ತನ ರಾತ್ರಿಭೋಜನದ ಆರಾಧನೆಯಲ್ಲಿ ತಮ್ಮ ನನ್ನ ಮುಂದಿನ ಬೆಂಚಿನಲ್ಲಿದ್ದ. ನಮ್ಮ ದಕ್ಷಿಣ ಭಾರತ ಸಭೆಯ ಕ್ರಮದಲ್ಲಿ ಸಮಾಧಾನದ ವಂದನೆಯು ಅಂಗೈಯಿಂದ ಅಂಗೈಗೆ ದಾಟುತ್ತ ಬರುತ್ತದೆ: ಬಲಗೈಗೆ ಬಲಗೈ ಸೇರಿಸಿ, ಎಡಗೈಯಿಂದ ಮುಚ್ಚಿ ಹಿಡಿಯಬೇಕು. ಅವನು ಹಿಂದಿರುಗಿ ಕೈ ಚಾಚಿದ. ಕೈ ಬೆವೆತಿತ್ತು. ಬೆರಳುಗಳ ಗೆಣ್ಣು ಥೇಟ್ ಅಮ್ಮನದೇ. ನನ್ನ ಕೈಯನ್ನು ವಾಡಿಕೆಗಿಂತ ತುಸು ಹೆಚ್ಚೇ ಹೊತ್ತು ಹಿಡಿದಿದ್ದ, ಅಥವಾ ಬಿಡದೆ ಇದ್ದವನು ನಾನೋ ಏನೋ.

ಹಣದ ಮಾತನ್ನು ಅವನೂ ಎತ್ತಿಲ್ಲ, ನಾನೂ ಕೇಳಿಲ್ಲ. ಕ್ರಿಸ್ಮಸ್‌ಗೆ ಹಬ್ಬದ ತಿಂಡಿಯಾದ ಕುಸ್ವಾರದ ಡಬ್ಬಿ ಹಿಡಿದು ಬಂದ, ಉಂಡು ಹೋದ. ಪುಸ್ತಕವನ್ನು ನಾನು ಹರಿದು ಎಸೆದಿಲ್ಲ. ಉಳಿದ ಖಾಲಿ ಪುಟಗಳಲ್ಲಿ ನನ್ನ ಹೆಂಡತಿ ಈಗ ಹಾಲಿನವನ ಲೆಕ್ಕ ಬರೆಯುತ್ತಿದ್ದಾಳೆ.